ಸೋನುಬಾಯಿ ಹೆಬ್ಬೆಟ್ಟು

ಮುಡಬಿಯೊಳಗ ಬಸ್ ನಿಲ್ಲೋ ಕಡೆ ಇಶ್ರತ್‌ಳ ಅಂಗಡಿ ಅದ. ಅಂಗಡಿ ಅಂದ್ರ ಸಾಮಾನೇನೂ ಇಲ್ರಿ. ದೊಡ್ಡ ಬ್ಯಾಂಕಿನ ಬೋರ್ಡು, ಹೆಬ್ಬೆಟ್ಟಿನ ಮಷೀನು, ಎರಡು ಸ್ಟೂಲು. ಹೆಬ್ಬೆಟ್ಟು ಒತ್ತಿದವರಿಗೆ ಅವರ ಖಾತೆದಾಗಿನ ರೊಕ್ಕ ಕೊಡೋದು ಆಕಿ ಕೆಲಸ. ಮೊದಲು ಏನು ಗದ್ದಲ ಅಂತೀರಿ! ಪಿಂಚಣಿ ದಿನ ಮುದುಕೇರು ಬಂದು, ಎಲಿ-ಅಡಿಕಿ ಹಾಕ್ಕೊಂಡು, ಸೊಸೇರ ಮಾನ ಹರಾಜು ಹಾಕಿ ಹೋಗ್ತಿದ್ರು. ಈಗ ಹುಡುಗರಿಗೆ ಫೋನು ಸಾಕು, ಹೆಂಗಸರಿಗೆ ಸಂಘ ಸಾಕು, ಬಂಗಾರ ಇದ್ದವರು ಅಡವಿಡಾಕ ಬಸವಕಲ್ಯಾಣಕ್ಕ ಓಡ್ತಾರ. ಇಶ್ರತ್ ಒಬ್ಬಾಕಿನ ಕುಂತಿರ್ತಾಳ. ಗಂಡ ಲಾರಿ ಡ್ರೈವರ. ಮನ್ಯಾಗೂ ಮಾತಾಡಾಕ ಗ್ವಾಡಿನೇ ಗತಿ.

ತಪ್ಪದ ಬರಾಕಿ ಅಂದ್ರ ಮುದುಕಿ ಸೋನುಬಾಯಿ ಒಬ್ಬಾಕಿ. ಕಳೆ ಕಿತ್ತು ಕಿತ್ತು ಆಕಿ ಹೆಬ್ಬೆಟ್ಟು ಸವದು ಹೋಗಿತ್ತು, ಮಷೀನು ಒಪ್ಪತಿರಲಿಲ್ಲ. ಲಿಂಬಿಹಣ್ಣು ತಿಕ್ಕು, ಒರೆಸು, ಮತ್ತ ಒತ್ತು. ನಡುನಡುವೆ ಸತ್ತ ಗಂಡಗ ಬೈಗಳು, ನೆರಮನಿಯವರ ಸುದ್ದಿ. ಬೆರಳು ಹತ್ತಲಿಲ್ಲಂದ್ರ ಮರುದಿನ ಮತ್ತ ಹಾಜರು. ಖರೇ ಹೇಳ್ಲೇನು? ಬೆರಳು ಹತ್ತದ ದಿನ ಇಶ್ರತ್‌ಗೆ ಒಳಗೊಳಗ ಖುಷಿ.

ಹೋದ ತಿಂಗಳು ಹುಮನಾಬಾದಿನಾಗ ಬ್ಯಾಂಕಿನವರ ಮೀಟಿಂಗ್ ಆತು. ರಾಜೀವ ಅನ್ನೋ ದೊಡ್ಡ ಸಾಹೇಬ ಬೋರ್ಡಿನ ನಡುವೆ ಬ್ಯಾಂಕು ಅಂತ ಬರದು ಸುತ್ತ ಬಾಣ ಎಳದ. ಬಾಣಕ್ಕೊಂದು ಹೆದರಿಕಿ: ಬ್ಯಾರೆ ಬ್ಯಾಂಕು, ಹೊಸದಾಗಿ ಬಂದವರು, ಫೋನು, ಕೈಬಿಟ್ಟು ಹೋಗೋ ಗಿರಾಕಿ. ಅಲ್ರೀ, ಅಷ್ಟು ದೊಡ್ಡ ಬ್ಯಾಂಕಿಗೂ ಇಷ್ಟು ಅಂಜಿಕಿ!

"ನಿಮ್ಮೂರಾಗ ನಮ್ಮ ಗಿರಾಕಿ ಯಾರು ಕಸ್ಕೊಳ್ಳಾಕತ್ತಾರ?" ಅಂತ ಇಶ್ರತ್‌ಗೆ ಕೇಳಿದ.

"ಅಂಚಿ ಕಚೇರಿಯವ್ರು ರೀ. ಮುಖ ತೋರಿಸಿದ್ರ ಸಾಕು, ಮನಿಗೇ ಬಂದು ರೊಕ್ಕ ಕೊಡ್ತಾರ."

"ಹಂಗಾರ ಆ ಸುದ್ದಿ ನೀವಾಗಿ ಯಾರಿಗೂ ಹೇಳಬ್ಯಾಡ್ರಿ. ಇದ್ದವರನ್ನರ ಹಿಡ್ಕೊಳ್ರಿ."

ತಿರುಗಿ ಬರೋವಾಗ ಬಸ್ಸಿನಾಗ ಇಶ್ರತ್‌ಗೆ ಒಂದು ನಮೂನಿ ಸಮಾಧಾನ. ಸಾಹೇಬನೇ ಬ್ಯಾಡ ಅಂದಾನ, ಹೇಳೋದ್ಯಾಕ? ಸೋನುಬಾಯಿ ತನಗ ಉಳದ್ಳು.

ಮರುದಿನ ಸೋನುಬಾಯಿ ಬಂದ್ಳು. ಮೈ ಕೆಂಡದಂಗ ಸುಡಾಕತ್ತಿತ್ತು. ಎಷ್ಟು ತಿಕ್ಕಿದ್ರೂ ಹೆಬ್ಬೆಟ್ಟು ಹತ್ತಲಿಲ್ಲ.

"ಗುಳಗಿಗೆ ರೊಕ್ಕ ಬೇಕಿತ್ತು ಬೇಟಾ. ಇರ್ಲಿ, ನಾಳಿ ಬರ್ತೇನಿ," ಅಂತ ಗ್ವಾಡಿ ಹಿಡ್ಕೊಂಡು ಎದ್ಳು.

ಇಶ್ರತ್‌ಗೆ ತಡಿಯಲಿಲ್ಲ. "ಕುಂದ್ರು ಆಯಿ. ಅಂಚಿಯವನ ಮಷೀನಿಗೆ ಬೆರಳು ಬ್ಯಾಡ, ಮುಖ ಸಾಕು," ಅಂದು ಅಂಚಿಯವನಿಗೆ ತಾನೇ ಫೋನ್ ಹಚ್ಚಿದ್ಳು. ಗೊತ್ತಿದ್ದೂ ಗೊತ್ತಿದ್ದೂ ತನ್ನ ಕಾಲ ಮ್ಯಾಲೆ ತಾನೇ ಕಲ್ಲು ಹಾಕ್ಕೊಂಡ್ಳು ನೋಡ್ರಿ.

ಆಮ್ಯಾಲೆ ದಿನಾ ಸ್ಟೂಲು ಒರೆಸಿ ದಾರಿ ಕಾಯ್ದ್ಳು. ರೊಕ್ಕಕ್ಕಲ್ಲದಿದ್ರೂ ಮಾತಿಗರ ಬಂದಾಳು ಅಂತ ಆಸೆ. ಸೋನುಬಾಯಿ ಬಂದ್ಳು ಖರೇ, ಅಂಗಡಿಗೆ ಮಾತ್ರ ಬರಲಿಲ್ಲ. ರಸ್ತೆ ಆಚೆಯಿಂದನೇ ಕೂಗಿದ್ಳು.

"ಅಂಚಿಯವ ಮನಿಗೇ ರೊಕ್ಕ ತಂದುಕೊಟ್ಟ, ಜ್ವರ ಬಿಡ್ತು ಬೇಟಾ! ನಿನ್ನ ಪುಣ್ಯ. ಎಷ್ಟು ಕಾಡಿದೆ ನಿನಗ! ಇನ್ನ ತ್ರಾಸ ಕೊಡೂದಿಲ್ಲ, ನಿನ್ನಾಣಿ."

"ತ್ರಾಸ ಏನಿಲ್ಲ ಆಯಿ! ಬಾ, ಕುಂದ್ರು ಬಾ!"

"ಬ್ಯಾಡ ಬೇಟಾ, ನಿನ್ನ ಗಿರಾಕಿ ಬರೋ ಹೊತ್ತು," ಅಂದ ಸೋನುಬಾಯಿ ಸೆರಗು ಹೊದ್ದು ನಡದೇ ಬಿಟ್ಳು.