ಟವೆಲ್ ಹಾಕಿದ ಸೀಟು

ಸಿಂಧನೂರಿನ ಕಾಲೇಜಿನಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದ ಗುರುಗಳು ಎಡ ಅಂಗೈಯಲ್ಲಿ ಗ್ರೀಸನ್ನೂ ಬಲ ಅಂಗೈಯಲ್ಲಿ ಚೀನಾವನ್ನೂ ಇಟ್ಟುಕೊಂಡು ತಕ್ಕಡಿಯಂತೆ ತೂಗುತ್ತಿದ್ದರು.

"ಗ್ರೀಕರು ಇರೋದು ಅಂದ್ರೇನು ಅಂತ ಕೇಳಿದ್ರು. ಚೀನಾದವರು ಹ್ಯಾಂಗಿರಬೇಕು ಅಂತ ಕೇಳಿದ್ರು. ಮೂಲಕ್ಕ ಹೋಗ್ರಿ, ಮೂಲಕ್ಕ!"

ಚಹಾದಂಗಡಿಯಲ್ಲೂ ಇದೇ ಪಾಠ. ಅದು ಮುಗಿಯುವಷ್ಟರಲ್ಲಿ ಚಹಾ ಆರಿರುತ್ತಿತ್ತು, ಬೈಗುಳ ಅಂಗಡಿಯವನಿಗೆ ಬೀಳುತ್ತಿತ್ತು.

ಒಮ್ಮೆ ನಾನೂ ಗುರುಗಳೂ ಲಿಂಗಸುಗೂರು ಬಸ್ಸಿಗೆ ಕಾದಿದ್ದೆವು. ಬಸ್ಸು ನಿಲ್ಲುವ ಮೊದಲೇ ಗುರುಗಳು ಕಿಟಕಿಯೊಳಗೆ ಟವೆಲ್ ಎಸೆದರು. ನಾವು ಹತ್ತುವಷ್ಟರಲ್ಲಿ ಮುದುಕಿಯೊಬ್ಬಳು ಆ ಸೀಟಿನಲ್ಲಿ ಕೂತುಬಿಟ್ಟಿದ್ದಳು.

"ಏಳಬೇ, ಪುಕ್ಕಟೆ ಬಸ್ಸಂತ ಎಲ್ಲಿ ಬೇಕಲ್ಲಿ ಕುಂಡ್ರತೀರೇನು? ಟವೆಲ್ ಐತಿ ಅಂದ್ರ ನಾ ಅದೀನಿ ಅಂತ ಅರ್ಥ."

"ಮೊಣಕಾಲು ಹಿಡ್ದಾವೋ ಯಪ್ಪಾ," ಎನ್ನುತ್ತ ಆಕೆ ಎದ್ದಳು.

ಗುರುಗಳು ಕೂತರು. ಆಕೆಯ ಪಕ್ಕ ಕಂಬಿ ಹಿಡಿದು ನಿಂತಿದ್ದ ನನಗೆ, ಹಿರಿಯರು ಬಂದರೆ ಹಿಂದೆ ಚೀನಾದವರು ಹೇಗೆ ಎದ್ದು ಜಾಗ ಬಿಡುತ್ತಿದ್ದರು ಎಂಬುದನ್ನು ಮಸ್ಕಿ ಬರುವವರೆಗೂ ವಿವರಿಸಿದರು. ಅವರ ಎರಡೂ ಅಂಗೈಗಳು ಆಕೆಯ ಸೆರಗಿಗೆ ತಾಗುತ್ತ ತೂಗಾಡುತ್ತಿದ್ದವು.

ಇರೋದು ಅಂದ್ರೇನು ಎಂಬ ಗ್ರೀಕರ ಪ್ರಶ್ನೆಗೆ ನನಗೆ ಅಂದೇ ಉತ್ತರ ಸಿಕ್ಕಿತು. ಗುರುಗಳು ಕೂತಿದ್ದರೂ ಆ ಸೀಟಿನ ಮೇಲೆ ಇದ್ದದ್ದು ಟವೆಲ್ ಒಂದೇ.