ಬಾಯಾರು ಬಾಡಿಗೆಗೆ ತಗೊಂಡ ಹೆಸರು

ಓಂಕಾರ, ಸಾನಿಕಾ,

ಮೊನ್ನೆ ಕಪಾಟು ತೆರವು ಮಾಡುವಾಗ ನನ್ನ ಹಳೆಯ ಕನ್ನಡಕದ ಡಬ್ಬಿಗಳ ಕೆಳಗೆ ನಿಮಗೊಂದು ಸಿಡಿ ಸಿಕ್ಕಿತಲ್ಲ… ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಮರಾಠಿಯಲ್ಲಿ ‘ಖಂಡೋಬಾ ಅವರಿಗೆ’ ಎಂದು ಬರೆದದ್ದು. ಓಂಕಾರ ಅದನ್ನು ಬೆಳಕಿಗೆ ಹಿಡಿದು, “ಅಜ್ಜಿ, ಇದು ನಾ ಆಡೋ ಆಟದ್ದೇ ಹಳೇ ಭಾಗ! ಅಜ್ಜ ಇದನ್ನ ಆಡ್ತಿದ್ರೇನು?” ಎಂದು ಕೇಳಿದ. ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಅಂದಿನಿಂದ ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಬಾಯಿಂದ ಹೇಳುವುದು ನನಗೆ ಮೊದಲಿಂದಲೂ ಆಗದು. ಅದಕ್ಕೆ ಬರೆಯುತ್ತಿದ್ದೇನೆ.

ಆ ಸಿಡಿ ಅಜ್ಜನದಲ್ಲ. ಎದುರುಮನೆಯ ಬಾಯಾರದು.

ಆಗ ನಾವು ಪುಣೆಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೆವು. ಎದುರುಬದುರು ಎರಡೇ ಬಾಗಿಲು, ನಡುವೆ ಎರಡು ಹೆಜ್ಜೆ ಜಾಗ. ಬಾಯಾರು ಧಾರವಾಡದ ಕಡೆಯವರು, ಮರಾಠಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ‘ಬಾಯಾರು’ ಅನ್ನುತ್ತಾರೆ. ಮದುವೆಯಾಗಿರಲಿಲ್ಲ. ನನ್ನನ್ನು ಅತ್ತಿಗೆಯೆಂಬಂತೆ ‘ವೈನಿ’ ಎಂದೂ ನಿಮ್ಮಜ್ಜನನ್ನು ‘ಅಣ್ಣಾರ’ ಎಂದೂ ಕರೆಯುತ್ತಿದ್ದರು. ಮಕ್ಕಳ ಅಂಕಪಟ್ಟಿ ತಯಾರಿಸಲೆಂದು ಯಾರೋ ಬಳಸಿಬಿಟ್ಟ ಕಂಪ್ಯೂಟರ್ ಕೊಂಡರು. ಹಳೆಯ ಮಾಲೀಕ ಅದರೊಳಗೊಂದು ಆಟ ಬಿಟ್ಟಿದ್ದ. ಅಲ್ಲಿಂದ ಶುರುವಾಯಿತು.

ಆಟದ ಸಂಗತಿ ನಿಮಗೇ ಗೊತ್ತು. ದೊಡ್ಡ ಯುದ್ಧವಾಗಿ ಲೋಕವೆಲ್ಲ ಸುಟ್ಟುಹೋಗಿರುತ್ತದೆ. ಉಳಿದವರು ತಗಡು, ಹರಕು ಬಟ್ಟೆ ಕಟ್ಟಿಕೊಂಡು ಧೂಳಿನಲ್ಲಿ ಊರು ಮಾಡಿಕೊಂಡಿರುತ್ತಾರೆ. ನೀವೊಬ್ಬರೇ ಊರೂರು ತಿರುಗಬೇಕು. ನಾನು ಒಮ್ಮೆ ನೋಡಿದೆ. ಪರದೆ ತುಂಬ ಬೂದಿಬಣ್ಣ. “ಇದರಾಗ ಏನು ಛಂದ ಅದ್ರಿ?” ಎಂದೆ. “ಹೊಡೆದಾಟ ಬಿಡ್ರಿ ವೈನಿ. ಇದರಾಗ ಮಾತಾಡಾಕ ಬರ್ತದ. ಸರಿಯಾದ ಮಾತು ಆರಿಸಿಕೊಂಡ್ರ ಒಬ್ಬರನ್ನೂ ಕೊಲ್ಲದಂಗ ಊರು ಉಳಸಬಹುದು,” ಎಂದರು. ಹೇಳುವಾಗ ಅವರ ಮುಖ ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಮುಖದಂತಿತ್ತು.

ಎರಡು ಭಾಗ ಬೇಗಬೇಗ ಬಂದವಂತೆ, ಮೂರನೆಯದು ಬರಲಿಲ್ಲ. ಆ ವರ್ಷಗಳಲ್ಲಿ ಆಟದ ಹುಚ್ಚಿನವರೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಸೇರಿ ಅದರ ಬಗ್ಗೆಯೇ ಬರೆಯುತ್ತಿದ್ದರು. ಬಾಯಾರು ಅದನ್ನು ‘ಕಟ್ಟೆ’ ಎನ್ನುತ್ತಿದ್ದರು, ಪುಣೆಯ ಹುಡುಗರು ‘ಕಟ್ಟಾ’. ದಿನಾ ಸಂಜೆ ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಚ್ಚುವರು. ಆಟದೊಳಗಿನ ಇಂಥ ಊರಿನ ಪಂಪು ರಿಪೇರಿ ಮಾಡಿದರೆ ಪಕ್ಕದ ಹಳ್ಳಿಯ ಬಾವಿ ಒಣಗುತ್ತದೆ, ಹಾಗಾದರೆ ಯಾರನ್ನು ಉಳಿಸಬೇಕು? ಈ ಒಂದು ಮಾತಿಗೆ ಕಟ್ಟೆಯಲ್ಲಿ ಎರಡು ತಿಂಗಳು ಜಗಳ. ಬಾಯಾರು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೂ ಕೇಳಿದರು.

“ಎರಡೂ ಊರಿನ ಹೆಂಗಸರನ್ನ ಕರೀರಿ. ಮುಂಜಾನೆ ಅವರಿಗೆ, ಸಂಜಿಗೆ ಇವರಿಗೆ. ನಮ್ಮೂರ ನಳದಾಗ ಹಂಗ ಪಾಳಿ ಹಚ್ತಿದ್ವಿ,” ಎಂದೆ.

“ಆಟದಾಗ ಹಂಗ ಮಾಡಾಕ ಬರೂದಿಲ್ರಿ ವೈನಿ.”

“ಹಂಗಾರ ಆಟ ಮಾಡಿದವರು ನೀರು ಹೊತ್ತಿಲ್ಲ ಬಿಡ್ರಿ.”

ಅವರು ನಕ್ಕು ನಕ್ಕು ಓಡಿಹೋಗಿ ಅದನ್ನು ಹಾಗೆಯೇ ಕಟ್ಟೆಯಲ್ಲಿ ಬರೆದರು. ಎಲ್ಲರೂ ಬಹಳ ಮೆಚ್ಚಿದರಂತೆ.

ಆದರೆ ಅಲ್ಲಿ ಅವರು ತಮ್ಮ ಹೆಸರಿನಿಂದ ಇರಲಿಲ್ಲ. ಹೆಂಗಸೆಂದು ಗೊತ್ತಾದರೆ ಯಾರೂ ಸರಿಸಮ ಜಗಳವಾಡುವುದಿಲ್ಲ ಎನ್ನುತ್ತಿದ್ದರು. ಮೈಲಾರಲಿಂಗ ಅವರ ಮನೆದೇವರು. ಜೇಜುರಿಯಲ್ಲಿ ಆ ದೇವರೇ ಖಂಡೋಬಾ. ಆ ಹೆಸರನ್ನೇ ಇಟ್ಟುಕೊಂಡಿದ್ದರು. ನಿಮ್ಮಜ್ಜನ ಹೆಸರೂ ಅದೇ ಅಲ್ಲವೇ. ಗೊತ್ತಾದ ದಿನ ಅವರು ಬಾಗಿಲಲ್ಲೇ ನಿಂತು ರೇಗಿಸಿದರು: “ಏನ್ರೀ ಬಾಯಾರ, ನನ್ನ ಹೆಸರು ಕದ್ದೀರಂತಲ್ಲ!”

“ಕದ್ದಿಲ್ರಿ ಅಣ್ಣಾರ, ಬಾಡಿಗಿಗೆ ತಗೊಂಡೀನಿ. ಛಾವಣಿ ಸೋರಿದ್ರ ನೀವಽ ರಿಪೇರಿ ಮಾಡಿಸಬೇಕು.”

ನಾನು ಮಾತ್ರ ಆ ಹೆಸರನ್ನು ಬಾಯಿಂದ ಎತ್ತಿದವಳಲ್ಲ. ನಮ್ಮ ಊರಿನ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಬರೆಯಲು ಅಡ್ಡಿಯಿಲ್ಲ, ರೇಷನ್ ಕಾರ್ಡಿಗೆ ಬರೆದುಕೊಟ್ಟಿದ್ದೇನೆ. ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದೆ, ಅವರು ಹೇಳಿಬಿಡುತ್ತಿದ್ದರು.

ಆಮೇಲೆ ನಿಮ್ಮಜ್ಜ ಹೋದರು. ಭೋಸರಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವರು, ಬೂಟಿನ ಲೇಸು ಬಿಚ್ಚುತ್ತ ಬಾಗಿದವರು… ಏಳಲಿಲ್ಲ. ಊರಿಂದ ಬಂದ ನೆಂಟರು ಹದಿಮೂರು ದಿನಕ್ಕೆ ಹೊರಟರು. ಕಾರ್ಖಾನೆಯಿಂದ ಬಂದವರು ಇಬ್ಬರೇ, ಅವರೂ ಕೂಡಲಿಲ್ಲ, ನಿಂತೇ ಹೋದರು. ಇಪ್ಪತ್ತೆರಡು ವರ್ಷ ದುಡಿದ ಮನುಷ್ಯನಿಗೆ ಇಷ್ಟೇ ಜನವೇ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು. ನಿಮ್ಮಪ್ಪನಿಗೆ ಪರೀಕ್ಷೆ, ಕೊಲ್ಹಾಪುರದ ಹಾಸ್ಟೆಲ್ಲಿಗೆ ಮರಳಿದ್ದ. ಬಾಯಾರು ಶಾಲೆಯ ಹೊತ್ತು ಬಿಟ್ಟರೆ ನನ್ನ ಹತ್ತಿರವೇ ಇರುತ್ತಿದ್ದರು. ಅನ್ನ ಕಲಸಿ ಕೈಗೆ ಕೊಡುತ್ತಿದ್ದರು. ಮೂರು ವಾರ ಅವರು ಕಂಪ್ಯೂಟರ್ ಹಚ್ಚಲಿಲ್ಲ. ಅದು ನನಗೆ ಆಗ ಹೊಳೆಯಲೇ ಇಲ್ಲ.

ಒಂದು ಶನಿವಾರ ಮಧ್ಯಾಹ್ನ ಬಾಗಿಲು ಬಡಿದರು. ಮೂವರು ಗಂಡಸರು. ಒಬ್ಬ ಎತ್ತರದವ, ಒಬ್ಬನ ಕೈಯಲ್ಲಿ ಹೆಲ್ಮೆಟ್ಟು, ಇನ್ನೊಬ್ಬ ಬ್ಯಾಂಕಿನವನಂತೆ ಶರ್ಟು ಒಳಗೆ ಹಾಕಿದವ. ಎದುರಿನ ಬಾಗಿಲಿಗೆ ಬೀಗವಿತ್ತು. ಎತ್ತರದವ ಮರಾಠಿಯಲ್ಲಿ, “ಖಂಡೋಬಾ ಇಲ್ಲೇ ಇರುತ್ತಾರಾ?” ಎಂದು ಕೇಳಿದ.

ಆ ಹೊತ್ತಿಗೆ ನನಗೆ ಆ ಹೆಸರಿನವರು ಲೋಕದಲ್ಲಿ ಒಬ್ಬರೇ. ಸೆರಗು ಎಳೆದುಕೊಂಡು “ವಾರಲೇ” ಎಂದೆ. ತೀರಿಕೊಂಡರು.

ಅವರ ಮುಖ ಬಿಳಿಚಿತು. ಯಾವಾಗ ಎಂದರು. ಇಪ್ಪತ್ತೊಂದು ದಿನ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಲೆಕ್ಕ ಸರಿಹೋದವರಂತೆ. ಒಳಗೆ ಹಾರ ಹಾಕಿದ ಫೋಟೋ ಕಂಡು ಚಪ್ಪಲಿ ಬಿಟ್ಟು ಬಂದು ಕೈಮುಗಿದರು. ಹೆಲ್ಮೆಟ್ಟಿನವನು ಅತ್ತೇ ಬಿಟ್ಟ. ನನ್ನ ಕಾಲು ಮುಟ್ಟಿ, “ಕಾಕೂ, ಇದು ಅವರು ನನಗೆ ಪೋಸ್ಟಿನಲ್ಲಿ ಕಳಿಸಿದ್ದು. ತಿರುಗಿ ಕೊಡಬೇಕಿತ್ತು,” ಎಂದು ಈ ಸಿಡಿಯನ್ನು ಫೋಟೋದ ಮುಂದಿಟ್ಟ. ಕಾರ್ಖಾನೆಯ ಹುಡುಗರೆಂದುಕೊಂಡೆ. ಕಡೆಗೂ ಯಾರೋ ಅತ್ತರಲ್ಲ ಎಂದು ನನಗೆ ಎದೆ ಹಗುರಾಯಿತು.

ಸಂಜೆ ಬಾಯಾರು ಬಂದು ಸಿಡಿ ಕೈಗೆತ್ತಿಕೊಂಡರು. “ವೈನಿ, ಏನ್ ಹೇಳಿದ್ರಿ ಅವರಿಗೆ?” ಹೇಳಿದೆ. ಅವರು ನೆಲದ ಮೇಲೆ ಕುಸಿದು ಕೂತು ನಗತೊಡಗಿದರು, ಕಣ್ಣಲ್ಲಿ ನೀರು ಬರುವ ತನಕ. “ನನ್ನ ಕೊಂದಬಿಟ್ರಲ್ಲರೀ!” ಆಮೇಲೆ ನಿಮ್ಮಜ್ಜನ ಫೋಟೋ ನೋಡಿ ಸಿಡಿಯನ್ನು ತಿರುಗಿ ಅದರ ಮುಂದೆಯೇ ಇಟ್ಟರು.

ಕಟ್ಟೆಯಲ್ಲಿ ಆಗಲೇ ಸುದ್ದಿ ಹರಡಿತ್ತು. ಎಲ್ಲೆಲ್ಲಿಯವರೋ ಬರೆದಿದ್ದರು. ಬಾಯಾರು ಒಂದೊಂದನ್ನೂ ಕನ್ನಡದಲ್ಲಿ ಓದಿ ಹೇಳಿದರು. ‘ಖಂಡೋಬಾ ನನ್ನ ಜತೆ ಮೂರು ವರ್ಷ ಜಗಳವಾಡಿದರು, ಒಮ್ಮೆಯೂ ಕೆಟ್ಟ ಮಾತಾಡಲಿಲ್ಲ.’ ‘ಹೊಸಬರು ಎಂಥ ದಡ್ಡ ಪ್ರಶ್ನೆ ಕೇಳಿದರೂ ಉತ್ತರ ಕೊಡುತ್ತಿದ್ದದ್ದು ಅವರೊಬ್ಬರೇ.’ ‘ನೀರಿಗೆ ಪಾಳಿ ಹಚ್ಚಬೇಕೆಂದ ಆ ಮನುಷ್ಯ ನಿಜವಾಗಿ ಬದುಕಿ ನೋಡಿದವನು.’ ನಾನು ಫೋಟೋದ ಕಡೆ ನೋಡುತ್ತ ಕೇಳಿದೆ. ಖಂಡೋಬಾ, ಖಂಡೋಬಾ ಎಂದು ಅಷ್ಟು ಬಾಯಿಗಳು… ಮರುದಿನ ಸಂಜೆ, “ಇನ್ನೊಮ್ಮೆ ಓದ್ತೀರೇನ್ರಿ?” ಎಂದೆ. ಅದರ ಮರುದಿನವೂ.

“ನಾಳೆ ಬರೀತೀನ್ರಿ ವೈನಿ, ನಾ ಜೀವಂತ ಅದೀನಿ ಅಂತ,” ಎಂದರು ಬಾಯಾರು. ನಾನು ಫೋಟೋದ ಹಾರ ಸರಿಮಾಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ. “ಇರ್ಲಿ ಬಿಡ್ರಿ. ತಿಂಗಳ ತಿಥಿ ಆಗ್ಲಿ,” ಎಂದರು. ತಿಂಗಳಾಯಿತು. ಎರಡಾಯಿತು.

ಅಷ್ಟರಲ್ಲಿ ಮೂರನೆಯ ಭಾಗ ಬರುತ್ತದೆಂದು ಸುದ್ದಿ ಬಂತು. ಬೇರೆಯವರು ಮಾಡುತ್ತಾರಂತೆ, ಆಟದ ರೀತಿಯೇ ಬೇರೆಯಂತೆ. ಹಿಂದೆ ಚದುರಂಗದ ಹಾಗೆ ತನ್ನ ಸರದಿಗೆ ಕಾದು ಆಡಬೇಕಿತ್ತು. ಇನ್ನು ಓಡುತ್ತ ಗುಂಡು ಹಾರಿಸುವುದಂತೆ. ಕಟ್ಟೆ ಎರಡು ಹೋಳಾಯಿತು. ಹೊಸದನ್ನು ನೋಡುವ ಮೊದಲೇ ಬೈಯುವವರು, ಹಳೆಯದನ್ನು ಮುದುಕರ ಆಟ ಎನ್ನುವವರು. ವರ್ಷಗಟ್ಟಲೆ ಈ ದಿನಕ್ಕೇ ಕಾದಿದ್ದ ಬಾಯಾರು ಒಂದಕ್ಷರ ಬರೆಯುವಂತಿಲ್ಲ, ಸತ್ತುಹೋಗಿದ್ದಾರಲ್ಲ. ಓದುವರು, ಏಳುವರು, ಎರಡು ಬಾಗಿಲುಗಳ ನಡುವೆ ಓಡಾಡುವರು. “ಇಬ್ಬರೂ ತಪ್ಪು ಹೇಳಾಕತ್ತಾರ್ರಿ. ಒಂದಽ ಒಂದು ಸಾಲು ಬರದ್ರ ಸಾಕು!” ಚಹಾ ಆರಿಹೋಗುತ್ತಿತ್ತು. ನನಗೂ ಅದು ಹತ್ತಿಕೊಂಡು, ಲಟ್ಟಿಸುವ ಚಪಾತಿ ಹರಿಯುತ್ತಿತ್ತು. ಆದರೂ ‘ಬರೀರಿ’ ಎಂದು ನಾನು ಹೇಳಲಿಲ್ಲ.

ಕಡೆಗೆ ಅವರೇ ಬರೆದರು, ತಾವು ಯಾರೆಂದು, ಹೇಗೆ ತಪ್ಪಾಯಿತೆಂದು. ಯಾರೂ ನಂಬಲಿಲ್ಲ. ಮೂವರು ಕಣ್ಣಾರೆ ಫೋಟೋ ನೋಡಿ ಬಂದಿದ್ದರಲ್ಲ. ಸತ್ತವರ ಹೆಸರಿನಲ್ಲಿ ಆಟವಾಡುವ ಹೆಂಗಸೆಂದು ಬೈದು ಕಟ್ಟೆಯಿಂದ ಹೊರಗೆ ಹಾಕಿದರು.

“ನೀವೊಮ್ಮೆ ಬಂದು ಹೇಳಿದ್ರ ಆತ್ರಿ ವೈನಿ. ನಿಮ್ಮ ಮಾತು ನಂಬ್ತಾರ,” ಎಂದರು. ಬರುತ್ತೇನೆಂದೆ. ಮನಸ್ಸಿನಿಂದಲೇ ಹೇಳಿದೆ. ಭಾನುವಾರ ಮುಂಜಾನೆ ಪುಣೆಯ ಡೆಕ್ಕನ್ ಬಡಾವಣೆ ಹತ್ತಿರದ ಒಂದು ಚಹಾದ ಹೋಟೆಲಿಗೆ ಹೋದೆವು. ಅದೇ ಮೂವರು. ನನ್ನನ್ನು ಕಂಡು ಎದ್ದುನಿಂತರು, ಕಾಲು ಮುಟ್ಟಿದರು, ಬಾಯಾರ ಕಡೆ ನೋಡಲಿಲ್ಲ.

ಎತ್ತರದವ ಹೇಳಿದ, “ಕಾಕೂ, ನಾವು ಕಾಕಾ ಬರೆದದ್ದನ್ನೆಲ್ಲ ಒಂದು ಕಡೆ ಸೇರಿಸಿ ಇಟ್ಟಿದ್ದೇವೆ. ಹೊಸಬರು ಬಂದರೆ ಮೊದಲು ಅದನ್ನು ಓದಿ ಎನ್ನುತ್ತೇವೆ. ಈಗ ಇವರು ಹೀಗೆ ಹೇಳುತ್ತಿದ್ದಾರೆ. ನೀವೇ ಹೇಳಿ. ನಮ್ಮ ಜತೆ ಬರೆಯುತ್ತಿದ್ದದ್ದು ಕಾಕಾ ತಾನೇ?”

ನಾನು ಹೆಸರು ಎತ್ತಬೇಕಾಗಿರಲಿಲ್ಲ. ಅಲ್ಲ ಎಂದು ತಲೆ ಆಡಿಸಿದ್ದರೂ ಆಗುತ್ತಿತ್ತು. ಪದ್ಧತಿ ಅಡ್ಡ ಬಂತು, ನಾಚಿಕೆ ಅಡ್ಡ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿಂತೇ ಹೋದ ಆ ಇಬ್ಬರು ಕಾರ್ಖಾನೆಯವರು ಕಣ್ಣೆದುರು ಬಂದರು. ಇವರು ಕೊಟ್ಟದ್ದನ್ನು ತಿರುಗಿ ಕೊಟ್ಟುಬಿಟ್ಟರೆ ನನ್ನ ಗಂಡನಿಗೆ ಏನು ಉಳಿಯುತ್ತದೆ ಎನ್ನಿಸಿತು.

ಹೌದು ಎಂದು ತಲೆ ಆಡಿಸಿದೆ.

ಬಾಯಾರು ನನ್ನನ್ನು ನೋಡಿದರು. ಆಮೇಲೆ ಆ ಮೂವರಿಗೆ ಮರಾಠಿಯಲ್ಲಿ ಹೇಳಿದರು, “ಹೌದು, ಕಾಕಾನೇ. ಸುಮ್ಮನೆ ಅವರ ಹೆಸರು ಹೇಳಿಕೊಂಡೆ. ತಪ್ಪಾಯಿತು.” ಕಪ್ಪು ಕೆಳಗಿಟ್ಟು ನನ್ನ ಕೈ ಹಿಡಿದು ಎಬ್ಬಿಸಿದರು.

ಬಸ್ ಸ್ಟಾಪಿಗೆ ಬಂದೆವು. ಅವರೇ ಮಾತಾಡಿದರು: “ಅಣ್ಣಾರಿಗೆ ಹೇಳ್ರಿ, ಬಾಡಿಗಿ ಮನಿ ಖಾಲಿ ಮಾಡೇನಿ ಅಂತ.” ನಗುವ ಮಾತೇ. ಇಬ್ಬರೂ ನಗಲಿಲ್ಲ.

ಮೂರನೆಯ ಭಾಗ ಬಂದಾಗ ಕೊಂಡರು, ಒಬ್ಬರೇ ಆಡಿದರು. ಆದರೆ ಜಗಳವಾಡಲು ಯಾರಿದ್ದಾರೆ? ನನ್ನ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು. “ನಾ ಒಂದು ಹೇಳ್ತೀನ್ರಿ ವೈನಿ. ನೀವು ಸುಮ್ಮನ ‘ಇಲ್ಲ’ ಅನ್ರಿ, ಮಾತು ಬೆಳೀತದ.” ನಾನು ಹಿಟ್ಟು ನಾದುತ್ತ ಇಲ್ಲ ಅನ್ನುತ್ತಿದ್ದೆ. “ಯಾಕ ಇಲ್ಲ?” ಎನ್ನುವರು. ನನಗೆ ಹೊಳೆಯುತ್ತಿರಲಿಲ್ಲ. “ಇರ್ಲಿ,” ಎಂದು ಹೊರಟುಹೋಗುತ್ತಿದ್ದರು. ಹೋಟೆಲಿನ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದೆ ನಿವೃತ್ತರಾಗಿ ಸೊಲ್ಲಾಪುರಕ್ಕೆ, ತಂಗಿಯ ಮನೆಗೆ ಹೋದರು. ನಾಲ್ಕು ವರ್ಷಕ್ಕೆ ತಂಗಿಯ ಫೋನು ಬಂತು. ಎರಡು ದಿನ ಜ್ವರವಂತೆ, ಅಷ್ಟೇ.

ಆ ದಿನ ನಾನು ಕಾದೆ, ಯಾರಾದರೂ ಏನಾದರೂ ಬರೆಯುತ್ತಾರೇನೋ ಎಂಬಂತೆ. ಯಾರು ಬರೆಯಬೇಕು? ಅವರ ಪಾಲಿನ ಅಳುವನ್ನೆಲ್ಲ ನಾನು ಎಂದೋ ತೆಗೆದುಕೊಂಡಾಗಿತ್ತು.

ನಿನ್ನೆ ಓಂಕಾರ ಊಟದ ಹೊತ್ತಿಗೆ ಹೇಳಿದ: ಅವನ ಆಟದ ಗುಂಪಿನ ಹಳಬರು ಈಗಲೂ ನೆನೆಯುತ್ತಾರಂತೆ, ಪುಣೆಯಲ್ಲಿ ಖಂಡೋಬಾ ಎಂಬವರಿದ್ದರು, ಮೂರನೆಯ ಭಾಗ ಬರುವ ಮೊದಲೇ ತೀರಿಕೊಂಡರು, ಪಾಪ, ಎಂದು. “ಅದು ನಮ್ಮಜ್ಜನಽ ಇರಬೇಕು!” ಎಂದು ಅವನ ಕಣ್ಣು ಹೊಳೆಯುತ್ತಿತ್ತು. ನಾನು ಕೈಯಲ್ಲಿನ ತುತ್ತು ತಾಟಿಗೆ ಹಾಕಿ ಎದ್ದೆ.

ಅಲ್ಲ ಮಗಾ. ನಿಮ್ಮಜ್ಜ ಒಳ್ಳೆಯವರು, ಆದರೆ ಆ ಕಂಪ್ಯೂಟರನ್ನು ಒಮ್ಮೆಯೂ ಮುಟ್ಟಿದವರಲ್ಲ. ಅದನ್ನೆಲ್ಲ ಬರೆದವರು ಎದುರುಮನೆಯ ಬಾಯಾರು. ಮೂರನೆಯ ಭಾಗವನ್ನು ಅವರು ಪೂರ್ತಿ ಆಡಿದರು. ಅದರ ಬಗ್ಗೆ ಹೇಳಲು ಅವರ ಹತ್ತಿರ ಬಹಳವಿತ್ತು, ಕೇಳುವವರು ಇರಲಿಲ್ಲ. ಹೀಗೆಂದು ಆ ಹಳಬರಿಗೆ ಹೇಳು. ನಂಬದಿದ್ದರೆ ಇದನ್ನು ತೋರಿಸು. ಕನ್ನಡ ಬಾರದವರಿಗೆ ಸಾನಿಕಾ ಓದಿ ಹೇಳಲಿ, ತಲೆ ಆಡಿಸಿದವಳು ನಾನೇ ಎಂಬುದನ್ನೂ ಬಿಡದೆ. ಆ ಹಳಬರಲ್ಲಿ ಯಾರಾದರೂ ಒಬ್ಬರು ಇದನ್ನು ಪೂರ್ತಿ ಕೇಳಿಸಿಕೊಳ್ಳುವವರೆಗೆ ಈ ಹಾಳೆಗಳನ್ನು ಕಳೆಯಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ.