ಪುಕ್ಕಟೆ ಪ್ಲಗಿನ್ ಅಳಿಸಿದ ಶ್ರುತಿ

"ಶ್ರುತಿ ಎಲ್ಲೈತೋ? ಹಾಡು ಮುಗಿಯೂತನಾ ನನ್ನ ತಮ್ಮ ಹಿಡದಾನ. ಅದೆಲ್ಲಿ ಹೋತು?"

ಗೆಳೆಯರೇ, ಇವತ್ತು ರಾಣೇಬೆನ್ನೂರಿನ ನನ್ನ ಪುಟ್ಟ ಸ್ಟುಡಿಯೋದಲ್ಲಿ ಹೀಗೆ ಗುಡುಗಿದವರು ಕದರಮಂಡಲಗಿಯ ಭಜನೆ ಹಾಡುಗಾರ ಹನುಮಂತಪ್ಪನವರು. ಅವರ ದನಿಗೆ ನಾನು ಎಲೆಕ್ಟ್ರಾನಿಕ್ ಬೀಟ್ ಕೂಡಿಸಿ ಕೇಳಿಸುತ್ತಿದ್ದೆ. ಫ್ಯಾನಿನ ಸದ್ದು ತೆಗೆಯಲೆಂದು ನಿನ್ನೆಯಷ್ಟೇ ಇಳಿಸಿಕೊಂಡ ಪುಕ್ಕಟೆ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶ ಬಳಸಿದ್ದೆ. ಶ್ರುತಿ ಪೆಟ್ಟಿಗೆ ನುಡಿಸಿದ್ದ ಅವರ ತಮ್ಮ ಬಸಪ್ಪನವರು ಪಕ್ಕದಲ್ಲೇ ಕುಳಿತಿದ್ದರು.

"ಪ್ಲಗಿನ್ನು ಅದನ್ನ ಗದ್ದಲ ಅಂತ ತಿಳಿದು ಅಳಿಸೇತ್ರಿ," ಎಂದೆ.

"ಗದ್ದಲ ಅಂತ ಅದಕ್ಕ ಹೇಳಿದವ್ರು ಯಾರು?"

ನಾನೇ. ಯಾವ ಸದ್ದು ಅಳಿಸಬೇಕೆಂದು ಅದಕ್ಕೊಂದು ಮಾದರಿ ತೋರಿಸಬೇಕು. ಹಾಡು ಶುರುವಾಗುವ ಮುಂಚಿನ ನಾಲ್ಕು ಸೆಕೆಂಡು ತೋರಿಸಿದ್ದೆ. ಭಜನೆಯಲ್ಲಿ ಹಾಡಿಗಿಂತ ಮೊದಲು ಶ್ರುತಿ ಹಿಡಿಯುತ್ತಾರೆಂಬುದು ನನಗೆ ಹೊಳೆದೇ ಇರಲಿಲ್ಲ.

ಬಸಪ್ಪನವರು ಪೆಟ್ಟಿಗೆಗೆ ಬಟ್ಟೆ ಸುತ್ತಿ ಎದ್ದರು. "ನಡಿ ಅಣ್ಣಾ. ಇವರಿಗೆ ನಾ ಗದ್ದಲ ಅಂತ."

ಇಬ್ಬರೂ ಬಸ್ ಹತ್ತಿ ಹೋದರು. ಪ್ಲಗಿನ್ ತೆಗೆದೆ, ಶ್ರುತಿ ಒಂದೇ ಕ್ಲಿಕ್ಕಿಗೆ ಮರಳಿ ಬಂತು, ಫ್ಯಾನಿನ ಸದ್ದಿನ ಸಮೇತ. ಬಸಪ್ಪನವರನ್ನು ಕರೆತರಲು ಮಾತ್ರ ನಾಳೆ ಕದರಮಂಡಲಗಿಗೆ ನಾನೇ ಹೋಗಬೇಕು. ಅದಕ್ಕಿನ್ನೂ ಯಾರೂ ಪ್ಲಗಿನ್ ಮಾಡಿಲ್ಲ.